ತೆನೆಗಟ್ಟುವ ತಿಂಗಳ ದಾರಿಗಳು

ತಮಿಳುನಾಡಿನ ಡೆಂಕಣಿಕೋಟೆ ಪೇಟೆಯಿಂದ ಹೊರಡುವ ರಸ್ತೆಗಳಲ್ಲಿ ಹೆಚ್ಚಿನವು ಸ್ವಲ್ಪ ದೂರ ಸಾಗುವಷ್ಟರಲ್ಲಿ ಒಂದಲ್ಲ ಒಂದು ಕಾಯ್ದಿಟ್ಟ ಅರಣ್ಯದ, ಅಂದರೆ ಸರ್ಕಾರ ಗಡಿ ಗುರುತಿಸಿ ತನ್ನ ವಶದಲ್ಲಿಟ್ಟುಕೊಂಡಿರುವ ಕಾಡಿನ, ಅಂಚನ್ನು ಮುಟ್ಟುತ್ತವೆ. ಪಶ್ಚಿಮದ ದಾರಿ ತಳಿ, ಜವಳಗಿರಿಗಳ ಕಡೆಗೆ ಹೋಗಿ ಕರ್ನಾಟಕದ ಆನೇಕಲ್ಲು, ಬನ್ನೇರುಘಟ್ಟಗಳ ಕಾಡಿಗೆ ಹತ್ತಿರವಾಗುತ್ತದೆ. ಪೂರ್ವದ್ದು ಕೆಲಮಂಗಲ, ರಾಯಕೋಟೆಗಳತ್ತ ಹೊರಳುತ್ತದೆ. ಅಯ್ಯೂರಿನ ದಾರಿ ಬಿದಿರುಮೆಳೆಗಳನ್ನು ಹಾದು ಬೆಟ್ಟಮುಗಿಲಾಳಂನ ಏರನ್ನು ಹತ್ತುತ್ತದೆ. ದಕ್ಷಿಣದ್ದು ಅಂಚೆಟ್ಟಿಯ ಮೇಲೆ ಇಳಿದಿಳಿದು ಹೊಗೇನಕಲ್ಲಿನ ಬಳಿ ಕಾವೇರಿಯನ್ನು ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಿಂದ 300 ಮೀಟರಿಗಿಂತ ತಗ್ಗಿನ ನದಿಕಣಿವೆಗೆ ಇಳಿಯುವ ಈ ಕೊನೆಯ ದಾರಿಯಲ್ಲಿ ಕಾಡಿನ ಬಗೆಯೇ ಬದಲಾಗುತ್ತ ಹೋಗುತ್ತದೆ: ಮೇಲೆ ರಾಗಿ ಹೊಲ, ಕೆರೆ, ಹಲಸಿನ ಮರ, ಲಂಟಾನದ ಪೊದೆ, ನಡುವೆ ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು, ತಳದಲ್ಲಿ ಮುಳ್ಳಿನ ಕುರುಚಲು ಮತ್ತು ಹೊಳೆಯ ಉದ್ದಕ್ಕೂ ಹೊಳೆಮತ್ತಿ ಮರಗಳ ನೆರಳು.

ಕಾಡುಪ್ರಾಣಿಯನ್ನು ಕಾಣುವುದು, ಕಂಡದ್ದನ್ನು ಚಿತ್ರವಾಗಿ ಹಿಡಿಯುವುದು ಎಂಬ ಎರಡು ಕೆಲಸಗಳೂ ಈ ದಾರಿಗಳಲ್ಲಿ ರಾಗಿಯ ಬೆಳೆಗೆ ಮತ್ತು ಅದನ್ನು ಕಾಯುವ ಜನರಿಗೆ ಕಟ್ಟುಬಿದ್ದಿವೆ ಎಂಬುದು, 1990ರ ದಶಕದಿಂದ ಕ್ಯಾಮೆರಾ ಹಿಡಿದು ಇಲ್ಲಿ ಓಡಾಡಿದ ಈ ಬರಹದ ಲೇಖಕನಿಗೆ ನಿಧಾನವಾಗಿ ಮನದಟ್ಟಾದ ಸಂಗತಿ. ಬೆಂಗಳೂರಿನಿಂದ ಬರುವವರ ಕಣ್ಣಿನಲ್ಲಿ ಆಗಲೇ ಬೇರೊಂದು ಚಿತ್ರ ನೆಲೆಗೊಂಡಿತ್ತು. ದೂರದರ್ಶನದ ಸಾಕ್ಷ್ಯಚಿತ್ರಗಳೂ ಬಣ್ಣದ ಪತ್ರಿಕೆಗಳೂ ತೋರಿಸಿದ್ದ ಪೂರ್ವ ಆಫ್ರಿಕದ ಹುಲ್ಲುಗಾವಲು, ಛಾವಣಿ ತೆರೆದ ವಾಹನ, ದಿಗಂತದವರೆಗೂ ಹರಡಿಕೊಂಡ ಪ್ರಾಣಿಗಳ ಹಿಂಡು ಇವೇ ಸಫಾರಿಯ ಮಾದರಿ ಎಂದು ಅವರು ಒಪ್ಪಿಕೊಂಡಿದ್ದರು, ಹಾಗಾಗಿ ಅಂಚೆಟ್ಟಿಯ ದಾರಿಯಲ್ಲಿ ಮೂವತ್ತು ಅಡಿಗಳಾಚೆಗೆ ಏನೂ ಕಾಣದ ಪೊದೆಕಾಡು ಅವರಿಗೆ ಪ್ರಾಣಿಗಳೇ ಇಲ್ಲದ ಕಾಡಾಗಿ ತೋರುತ್ತಿತ್ತು.

ಈ ಎರಡು ನೆಲಗಳ ನಡುವಿನ ವ್ಯತ್ಯಾಸ ಕೇವಲ ಗಿಡಮರಗಳದ್ದಲ್ಲ. ಸೆರೆಂಗೆಟಿ ಮತ್ತು ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಜಾತಿಯ ಆಂಟಿಲೋಪ್‌ಗಳು ಮಳೆ ಮತ್ತು ಹೊಸ ಹುಲ್ಲನ್ನು ಹಿಂಬಾಲಿಸುತ್ತ ವರ್ಷಪೂರ್ತಿ ಸುತ್ತುತ್ತವೆ, ಜುಲೈಯಿಂದ ಅಕ್ಟೋಬರಿನವರೆಗೆ ಮಾರಾ ನದಿಯ ಆಸುಪಾಸಿನಲ್ಲಿರುತ್ತವೆ, ಮತ್ತು ಅವುಗಳನ್ನು ಕಾಣಲು ಹೋಗುವವರು ಆ ಕಾಲವನ್ನೇ ನೋಡಿಕೊಂಡು ಹೋಗುತ್ತಾರೆ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪನೆಯಾಗಿ ಮರುವರ್ಷ ಪ್ರವಾಸಿಗರ ಕಾರುಗಳಿಗೆ ತೆರೆದುಕೊಂಡಿತು. ಸುಮಾರು 19,500 ಚದರ ಕಿಲೋಮೀಟರಿನ ಆ ಉದ್ಯಾನದಲ್ಲಿ ಇಂದಿಗೂ ಯಾರು ಬೇಕಾದರೂ ತಮ್ಮ ಕಾರನ್ನು ತಾವೇ ಓಡಿಸಿಕೊಂಡು, ಗಂಟೆಗೆ 50 ಕಿಲೋಮೀಟರ್ ಮೀರದ ವೇಗದಲ್ಲಿ, ಗೊತ್ತುಪಡಿಸಿದ ಜಾಗಗಳಲ್ಲಲ್ಲದೆ ಬೇರೆಲ್ಲೂ ಕೆಳಗಿಳಿಯದೆ ತಿರುಗಬಹುದು. ಅಲ್ಲಿನ ತಂಗುದಾಣಗಳಲ್ಲಿ ಒಂದು ಭೂಪಟದ ಹಲಗೆಯಿರುತ್ತದೆ. ದಿನದಲ್ಲಿ ಸಿಂಹ, ಚಿರತೆ, ಆನೆ ಕಂಡವರು ಕಂಡ ಜಾಗದಲ್ಲಿ ಬಣ್ಣದ ಗುರುತು ಅಂಟಿಸುತ್ತಾರೆ, ಮರುದಿನದವರು ಅದನ್ನು ನೋಡಿ ತಮ್ಮ ದಾರಿಯನ್ನು ಆರಿಸಿಕೊಳ್ಳುತ್ತಾರೆ. ಡೆಂಕಣಿಕೋಟೆಯ ದಾರಿಗಳ ಪರಿಚಯವಾಗಿ ಬಹಳ ವರ್ಷಗಳಾದ ಮೇಲೆ ಲೇಖಕ ಕ್ರೂಗರಿನ ಡಾಂಬರು ರಸ್ತೆಗಳಲ್ಲಿ ಕಾರು ಓಡಿಸಿದಾಗ ಅಲ್ಲಿನ ಸುಲಭತೆ ಸಂತೋಷವನ್ನೂ ಒಂದು ಬಗೆಯ ಕಳವಳವನ್ನೂ ತಂದಿತು. ಏಕೆಂದರೆ ಆ ರಸ್ತೆಗಳ ಪಕ್ಕದಲ್ಲಿ ಊರುಗಳಿಲ್ಲದಿರುವುದು ಪ್ರಕೃತಿ ಮಾಡಿದ ಏರ್ಪಾಡಲ್ಲ. ಉದ್ಯಾನದ ಉತ್ತರ ತುದಿಯಲ್ಲಿದ್ದ ಮಕುಲೆಕೆ ಜನರನ್ನು 1969ರಲ್ಲಿ ಬಲವಂತವಾಗಿ ಎತ್ತಂಗಡಿ ಮಾಡಲಾಗಿತ್ತು, ವರ್ಣಭೇದದ ಆಡಳಿತ ಕೊನೆಗೊಂಡ ಬಳಿಕ 1998ರಲ್ಲಿ ಆ ನೆಲದ ಒಡೆತನ ಅವರಿಗೆ ಮರಳಿತು. ಮನುಷ್ಯರಿಲ್ಲದ ಕಾಡಿನ ಚಿತ್ರ ಎಲ್ಲಿಯೇ ಕಂಡರೂ ಅದರ ಹಿಂದೆ ಇಂಥ ಚರಿತ್ರೆಯೊಂದು ಇರಬಹುದೇ ಎಂದು ಕೇಳಿಕೊಳ್ಳುವುದು ಛಾಯಾಗ್ರಾಹಕನಿಗೆ ಅಗತ್ಯ.

ಡೆಂಕಣಿಕೋಟೆಯ ಸುತ್ತ ಮನುಷ್ಯರಿಲ್ಲದ ಚೌಕಟ್ಟೇ ಸಿಗುವುದಿಲ್ಲ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಜಗಲಿಯಲ್ಲಿ ಆಡುವ ಊರುಗಳು, ಗುಡ್ಡದ ಮೇಲಿನ ಇರುಳರ ಹಾಡಿಗಳು, ದನದ ದೊಡ್ಡಿಗಳು, ಕೆರೆಗಳು ಎಲ್ಲವೂ ಕಾಡಿನೊಳಕ್ಕೆ ಹೆಣೆದುಕೊಂಡಿವೆ. ಪೇಟೆಯ ಮುಖ್ಯ ದೇವರಾದ ಬೇಟೆರಾಯಸ್ವಾಮಿಯೇ ಬೇಟೆಗಾರನಾಗಿ ಬಂದ ವಿಷ್ಣು ಎಂಬುದು ಭಕ್ತರ ನಂಬಿಕೆ. ಕಾನೂನು ಕೂಡ ಇಲ್ಲಿನ ರಸ್ತೆಗೆ ಬೇರೆಯೇ ಸ್ಥಾನ ಕೊಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಮು ವನ್ಯಧಾಮದೊಳಗೆ ಅನುಮತಿಯಿಲ್ಲದೆ ಯಾರೂ ಹೋಗಬಾರದೆಂದು ಹೇಳುವಾಗ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಆ ನಿರ್ಬಂಧದಿಂದ ಹೊರಗಿಡುತ್ತದೆ. 28ನೆಯ ಕಲಮು ಛಾಯಾಗ್ರಹಣವನ್ನು ಅನುಮತಿ ಪಡೆದು ಮಾಡಬಹುದಾದ ಕೆಲಸಗಳಲ್ಲಿ ಒಂದೆಂದು ಹೆಸರಿಸುತ್ತದೆ. ಹಾದುಹೋಗುವುದು ಹಕ್ಕು, ನಿಂತು ಕಾಡಿಗೆ ಇಳಿಯುವುದಕ್ಕೆ ಅಪ್ಪಣೆ ಬೇಕು ಎಂಬ ಈ ಅಂತರವನ್ನು ದಾರಿಹೋಕರಲ್ಲಿ ಹೆಚ್ಚಿನವರು ತಿಳಿದಿರಲಿಲ್ಲ, ಈಗಲೂ ತಿಳಿದಂತಿಲ್ಲ.

ಕನ್ನಡದ ಓದುಗರಿಗೆ ಈ ದಾರಿಗಳು ಕಣ್ಣಿಗೆ ಬೀಳುವ ಮೊದಲೇ ಕಥೆಯಾಗಿ ತಲುಪಿದ್ದವು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910–1974) ತನ್ನ ಸ್ಟುಡಿಬೇಕರ್ ಕಾರಿನಲ್ಲಿ ಹೊಸೂರು ದಾಟಿ ಇಲ್ಲಿಗೆ ಬಂದು ನರಭಕ್ಷಕ ಹುಲಿ, ಚಿರತೆಗಳ ಬೆನ್ನುಹತ್ತಿದ ಪ್ರಸಂಗಗಳನ್ನು 1954ರಿಂದ ಪುಸ್ತಕಗಳಾಗಿ ಪ್ರಕಟಿಸಿದ; ಜವಳಗಿರಿಯ ಹೆಣ್ಣುಹುಲಿ, ಗುಮ್ಮಳಾಪುರದ ಚಿರತೆ, ಶಿವನಪಳ್ಳಿಯ ಕಪ್ಪು ಚಿರತೆ ಇವೆಲ್ಲ ಡೆಂಕಣಿಕೋಟೆಯಿಂದ ಕೆಲವೇ ಗಾವುದ ದೂರದ ಊರುಗಳ ಹೆಸರುಗಳನ್ನು ಹೊತ್ತವು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಬರಹಗಳನ್ನು ‘ಕಾಡಿನ ಕಥೆಗಳು’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದದ್ದರಿಂದ, ಮತ್ತು ತೇಜಸ್ವಿಯವರು ಸ್ವತಃ ಹಕ್ಕಿಗಳ ಛಾಯಾಗ್ರಾಹಕರಾಗಿದ್ದುದರಿಂದ, ಕೋವಿಯ ಕಥೆ ಓದಿದವರು ಕ್ಯಾಮೆರಾ ಹಿಡಿದು ಹೊರಡುವುದಕ್ಕೆ ಒಂದು ಸಹಜವಾದ ಸೇತುವೆ ಸಿಕ್ಕಿತು. ಆಂಡರ್ಸನ್ ಕೂಡ ಕೊನೆಗಾಲದಲ್ಲಿ ಕೋವಿಯನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದವನೇ. ಆದರೆ ಅವನ ಬರಹಗಳಲ್ಲಿ ಲೇಖಕನಿಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಗುಂಡು ಹಾರಿಸುವ ಗಳಿಗೆಗಳಲ್ಲ, ಪೂಜಾರಿ ಸಮುದಾಯದ ಬೈರ ಎಂಬ ಒಡನಾಡಿಯ ಜೊತೆ ಹೆಜ್ಜೆಗುರುತು, ಹಕ್ಕಿಯ ಕೂಗು, ಮುರಿದ ಕಡ್ಡಿ ಇವುಗಳಿಂದ ಕಾಡನ್ನು ಓದುವ ಭಾಗಗಳು. ಕಾರು, ಕೋವಿ, ಪುಸ್ತಕ ಇವು ಪಟ್ಟಣದಿಂದ ಬಂದವು. ಪ್ರಾಣಿ ಎಲ್ಲಿರಬಹುದು ಎಂಬ ಅರಿವು ಮಾತ್ರ ಯಾವಾಗಲೂ ನೆಲದವರಿಂದಲೇ ಬಂದದ್ದು.

ಲೇಖಕ ಮತ್ತು ಅವನ ಗೆಳೆಯರು ಈ ದಾರಿಗಳಿಗೆ ಬರತೊಡಗಿದ ಕಾಲದಲ್ಲಿ ಕಾಡಿನೊಳಗಿನ ಓಡಾಟಕ್ಕೆ ಇನ್ನೊಂದು ಅಡ್ಡಿಯಿತ್ತು. ಕಾಡುಗಳ್ಳ ವೀರಪ್ಪನ್ ಕಾವೇರಿಯ ಎರಡೂ ದಡಗಳ ಕಾಡನ್ನು ತನ್ನ ನೆಲೆಯಾಗಿಸಿಕೊಂಡಿದ್ದ ವರ್ಷಗಳವು. ಕನ್ನಡದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರನ್ನು ಅವನು 1997ರಲ್ಲಿ ಬಂಡೀಪುರದ ಕಡೆಯಿಂದ ಅಪಹರಿಸಿದ ಮೇಲಂತೂ ಕ್ಯಾಮೆರಾ ಚೀಲ ಹೊತ್ತವರನ್ನು ಕಂಡರೆ ಮನೆಯವರಿಗೂ ಚೆಕ್‌ಪೋಸ್ಟಿನವರಿಗೂ ಒಂದೇ ಬಗೆಯ ಆತಂಕವಾಗುತ್ತಿತ್ತು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ವೀರಪ್ಪನ್ ಸಾವಿಗೀಡಾಗುವವರೆಗೂ ಕಾಡಿನ ಒಳದಾರಿಗಳನ್ನು ಬಿಟ್ಟು ಡಾಂಬರು ರಸ್ತೆಯಿಂದಲೇ ನೋಡುವುದನ್ನು ರೂಢಿಸಿಕೊಳ್ಳಬೇಕಾಯಿತು. ಈ ನಿರ್ಬಂಧ ಒಂದು ಶಿಕ್ಷಣವೂ ಆಯಿತು, ಏಕೆಂದರೆ ರಸ್ತೆಗೆ ಕಟ್ಟುಬಿದ್ದವರು ರಸ್ತೆಯಂಚಿನ ಹೊಲಗಳನ್ನು, ಹೊಲದಲ್ಲಿರುವವರನ್ನು ಗಮನಿಸಲೇಬೇಕಾಯಿತು.

ಆಗ ಕಣ್ಣಿಗೆ ಬಿದ್ದದ್ದು ರಾಗಿಯ ಪಂಚಾಂಗ. ಮುಂಗಾರಿನಲ್ಲಿ ಬಿತ್ತಿದ ರಾಗಿ ಅಕ್ಟೋಬರಿನ ಹೊತ್ತಿಗೆ ತೆನೆಗಟ್ಟುತ್ತದೆ, ಕಾರ್ತಿಕದಲ್ಲಿ ಕಾಳು ಹಾಲುದುಂಬುತ್ತದೆ, ಮಾರ್ಗಶಿರದ ಚಳಿಯಲ್ಲಿ ಕೊಯ್ಲು ನಡೆದು ಮೆದೆಗಳು ಏಳುತ್ತವೆ, ಆಮೇಲೆ ಕೆಲವು ವಾರ ತೆನೆಯನ್ನು ರಸ್ತೆಯ ಮೇಲೆಯೇ ಹರಡಿ, ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಣೆಯ ಕೆಲಸ ಒಪ್ಪಿಸುತ್ತಾರೆ. ಬನ್ನೇರುಘಟ್ಟ ಮತ್ತು ಕರ್ನಾಟಕದ ಕಾವೇರಿ ವನ್ಯಧಾಮದ ಕಡೆಯ ಆನೆಗಳು ಇದೇ ಹೊತ್ತಿಗೆ, ಅಕ್ಟೋಬರ್ ಕೊನೆ ನವೆಂಬರ್ ಮೊದಲಲ್ಲಿ, ಗುಂಪುಗುಂಪಾಗಿ ಜವಳಗಿರಿಯ ಕಾಡಿಗೆ ದಾಟಿ, ಅಲ್ಲಿಂದ ಡೆಂಕಣಿಕೋಟೆ, ನೊಗನೂರು, ಊಡೇದುರ್ಗ, ಸಾನಮಾವು ಎಂದು ಒಂದು ಕಾಡುತುಂಡಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಹಗಲು ಕಾಡುತುಂಡಿನಲ್ಲಿ ನಿಂತು, ಕತ್ತಲಾದ ಮೇಲೆ ಹೊಲಕ್ಕಿಳಿದು, ಬೆಳಗಾಗುವ ಮೊದಲು ಮರಳುತ್ತವೆ. 1980ರ ದಶಕದಲ್ಲಿ ಹೀಗೆ ಪೂರ್ವಕ್ಕೆ ಸರಿಯುತ್ತ ಹೋದ ಕೆಲವು ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಯನ್ನು ತಲುಪಿ ಅಲ್ಲಿಯೇ ನೆಲೆನಿಂತವು, ಅವುಗಳಿಗಾಗಿ 1990ರಲ್ಲಿ ಕೌಂಡಿನ್ಯ ವನ್ಯಧಾಮ ರೂಪುಗೊಂಡಿತು ಎಂಬುದನ್ನು ನೆನೆದರೆ ಈ ಸಂಚಾರದ ವ್ಯಾಪ್ತಿ ಅರ್ಥವಾಗುತ್ತದೆ. ಸೆರೆಂಗೆಟಿಯ ಹಿಂಡುಗಳು ಮಳೆಯನ್ನು ಹಿಂಬಾಲಿಸುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತಿದೆ, ಆದರೆ ಇಲ್ಲಿ ಮಳೆಯ ಮೇವನ್ನು ಮನುಷ್ಯರು ಬಿತ್ತಿ, ಕಳೆ ಕಿತ್ತು ಬೆಳೆಸಿದ್ದಾರೆ.

ಆನೆ ರಾಗಿಯನ್ನೇ ಏಕೆ ಅರಸಿ ಬರುತ್ತದೆ ಎಂಬ ಪ್ರಶ್ನೆಗೆ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಸುತ್ತ ನಡೆಸಿ, 1989ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಸಿಗುತ್ತದೆ. ಒಣಗುತ್ತಿರುವ ಕಾಡುಹುಲ್ಲಿಗಿಂತ ಬೆಳೆಯ ಪೈರಿನಲ್ಲಿ ಸಸಾರಜನಕ, ಸುಣ್ಣ, ಉಪ್ಪಿನಂಶಗಳು ಹೆಚ್ಚಾಗಿರುತ್ತವೆ. ಕುಟುಂಬದ ಗುಂಪಿನಲ್ಲಿರುವ ಹೆಣ್ಣಾನೆಗಳಿಗಿಂತ ಪ್ರಾಯದ ಗಂಡಾನೆಗಳು ಅಪಾಯ ಲೆಕ್ಕಿಸದೆ ಹೊಲಕ್ಕೆ ಹೆಚ್ಚು ಸಲ ಇಳಿಯುತ್ತವೆ, ಏಕೆಂದರೆ ಹೆಚ್ಚಿನ ಮೈಶಕ್ತಿಯಿಂದ ಸಂತಾನಕ್ಕೆ ಆಗುವ ಲಾಭ ಗಂಡಿಗೆ ದೊಡ್ಡದು. ರಸ್ತೆಯಲ್ಲಿ ಹಾದುಹೋಗುವವನಿಗೆ ಒಂಟಿ ಸಲಗವೇ ಹೆಚ್ಚಾಗಿ ಕಾಣಿಸುವುದಕ್ಕೆ ಈ ವಿವರಣೆ ಬಹುಮಟ್ಟಿಗೆ ಹೊಂದುತ್ತದೆ. ತೆನೆಯಿರುವ ರಾಗಿಯ ಬುಡವನ್ನು ಸೊಂಡಿಲಿನಿಂದ ಸುತ್ತಿ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಕೊಡವಿ, ಆಮೇಲೆ ಬಾಯಿಗಿಡುವ ಆ ನಾಜೂಕನ್ನು ನೋಡಿದವರು ಅದನ್ನು ಧ್ವಂಸ ಎಂದು ಕರೆಯಲು ಹಿಂಜರಿದಾರು. ಆದರೆ ಬೆಳಗ್ಗೆ ಆ ಹೊಲದ ಬದುವಿನ ಮೇಲೆ ನಿಂತ ರೈತನ ಮುಖವನ್ನೂ ನೋಡಿದವರು ಬೇರಾವ ಮಾತನ್ನೂ ಬಳಸಲಾರರು. ಇವೆರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳದ ವನ್ಯಜೀವಿ ಬರಹವನ್ನು ಲೇಖಕ ನಂಬುವುದಿಲ್ಲ.

ಬೆಳೆ ಕಾಯುವವರ ಬಳಿ ಕಳೆದ ಸಂಜೆಗಳಲ್ಲಿ ಕಲಿತದ್ದು ಯಾವ ಛಾಯಾಗ್ರಹಣದ ಕೈಪಿಡಿಯಲ್ಲೂ ಇರಲಿಲ್ಲ. ಹೊಲದ ನಡುವಿನ ಮರದ ಮೇಲೆ ಅಥವಾ ನಾಲ್ಕು ಕಂಬಗಳ ಮೇಲೆ ಕಟ್ಟಿದ ಅಟ್ಟಣೆಯಲ್ಲಿ, ಕಂಬಳಿ ಹೊದ್ದು, ಟಾರ್ಚು, ತಮಟೆ, ಪಟಾಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿಯಿಡೀ ಕೂರುವ ಅವರು ಕಣ್ಣಿಗಿಂತ ಮೊದಲು ಕಿವಿಯನ್ನು, ಕಿವಿಗಿಂತ ಮೊದಲು ಗಾಳಿಯ ದಿಕ್ಕನ್ನು ನಂಬುತ್ತಿದ್ದರು. ಕಾಡಿನಿಂದ ಊರಿನತ್ತ ಗಾಳಿ ಬೀಸಿದರೆ ಆನೆಯ ಮೈವಾಸನೆ ಮೊದಲು ನಾಯಿಗೆ ತಿಳಿಯುತ್ತದೆ, ನಾಯಿಯ ಬೊಗಳಿನ ಬಗೆ ನರಿಗೆ ಒಂದು, ಹಂದಿಗೆ ಒಂದು, ಆನೆಗೆ ಇನ್ನೊಂದು. ಬಿದಿರು ಮುರಿಯುವ ಸದ್ದು ಒಂದೇ ಕಡೆ ನಿಂತಿದ್ದರೆ ಹಿಂಡು ಮೇಯುತ್ತಿದೆ, ಸದ್ದು ಒಮ್ಮೆಲೇ ನಿಂತರೆ ನಡೆಯತೊಡಗಿದೆ ಎಂದು ಅವರು ವಿವರಿಸುತ್ತಿದ್ದರು. ಈ ಕೊನೆಯ ಮಾತು ಲೇಖಕನ ಮನಸ್ಸಿನಲ್ಲಿ ಬಹಳ ಕಾಲ ನಿಂತಿತು, ಯಾಕೆಂದರೆ ಪಟ್ಟಣದಿಂದ ಬಂದ ಕಿವಿ ಸದ್ದನ್ನು ಅಪಾಯವೆಂದೂ ಸದ್ದಿಲ್ಲದ್ದನ್ನು ನೆಮ್ಮದಿಯೆಂದೂ ಎಣಿಸುತ್ತದೆ. ಹಿಂಡು ಹತ್ತಿರವಿದ್ದಾಗ ಎದೆಯಲ್ಲಿ ಸಣ್ಣ ನಡುಕದಂತೆ ಏನೋ ಆಗುತ್ತದೆ ಎಂದು ಕೆಲವರು ಹೇಳುತ್ತಿದ್ದುದಕ್ಕೂ ಆಧಾರವಿರಬಹುದು. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದ ಏಷ್ಯನ್ ಆನೆಗಳ ಬಳಿ ನಿಂತಿದ್ದಾಗ ಇಂಥದೇ ಕಂಪನವನ್ನು ಅನುಭವಿಸಿ, ಮುಂದೆ ಜೊತೆಗಾರರೊಡನೆ ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳಷ್ಟು ತಗ್ಗಿನ ಸ್ವರದಲ್ಲಿ ಪರಸ್ಪರ ಕರೆಯುತ್ತವೆ ಎಂಬುದು ಸಿದ್ಧವಾಯಿತು. ಮನುಷ್ಯನ ಕಿವಿಗೆ ಸರಿಸುಮಾರು 20ಕ್ಕಿಂತ ಕೆಳಗಿನ ಕಂಪನಗಳು ಕೇಳಿಸುವುದಿಲ್ಲವಾದ್ದರಿಂದ ಇದನ್ನು ಶ್ರವಣಾತೀತ ತಗ್ಗುಸ್ವರ ಎನ್ನಬಹುದು.

ರಸ್ತೆಯ ಮೇಲೆ ಈ ಅರಿವು ನೇರವಾಗಿ ಉಪಯೋಗಕ್ಕೆ ಬರುತ್ತಿತ್ತು. “ಈ ಹೊತ್ತಿಗೆ ಕೆರೆ ಏರಿ ಹತ್ರ ಬಂದಿರ್ತವೆ ಸಾಮಿ, ಇಲ್ಲಿ ಗಾಡಿ ನಿಲ್ಲಿಸ್ಬೇಡಿ, ಆ ಹುಣಸೆಮರದ ಆಚೆಗೆ ಹೋಗಿ” ಎಂದು ಹೊಲ ಕಾಯುವ ಹಿರಿಯರೊಬ್ಬರು ಹೇಳಿದ ಜಾಗದಿಂದ ತೆಗೆದ ಚಿತ್ರಗಳೇ ಲೇಖಕನ ಸಂಗ್ರಹದಲ್ಲಿ ಹೆಚ್ಚು ಕಾಲ ಉಳಿಯುವಂಥವು. ಆ ಸಲಹೆಯಲ್ಲಿ ಎರಡು ತಿಳಿವಳಿಕೆಗಳಿದ್ದವು: ಆನೆಗಳು ಕಾಡುತುಂಡಿನಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ ಹೋಗುವ ದಾರಿ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ, ಆ ದಾರಿ ರಸ್ತೆಯನ್ನು ಕತ್ತರಿಸುವ ಜಾಗದಲ್ಲಿ ವಾಹನ ನಿಂತರೆ ಹಿಂಡು ಒಡೆಯುತ್ತದೆ, ಮರಿಯೊಂದು ಆಚೆ ಉಳಿದರೆ ತಾಯಿ ವಾಹನದ ಮೇಲೆ ತಿರುಗಿಬೀಳುತ್ತದೆ, ಬೆದರಿದ ಹಿಂಡು ಗೊತ್ತಿನ ಹೊಲ ಬಿಟ್ಟು ಊರಿನೊಳಕ್ಕೆ ನುಗ್ಗುತ್ತದೆ. ಚಿತ್ರಕ್ಕಾಗಿ ವಾಹನವನ್ನು ಇನ್ನೂ ಹತ್ತಿರಕ್ಕೆ ತಂದವರ ತಪ್ಪಿಗೆ ದಂಡ ತೆರುವವರು ಆ ರಾತ್ರಿ ಅದೇ ಊರಿನಲ್ಲಿ ಮಲಗುವವರು.

ಸಂಜೆಯ ಆ ಹೊತ್ತು ಫಿಲ್ಮ್ ಕಾಲದ ಕ್ಯಾಮೆರಾಕ್ಕೆ ಬಹಳ ಕಠಿಣವಾದದ್ದು. ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ಮಸೂರದ ಶಕ್ತಿಯನ್ನು ಅದರ ಸಂಗಮದೂರದಿಂದ ಅಳೆಯುತ್ತಾರೆ. 300 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಕೈಯಲ್ಲಿ ಹಿಡಿದು ಅಲುಗದ ಚಿತ್ರ ತೆಗೆಯಬೇಕಾದರೆ ಷಟರ್, ಅಂದರೆ ಬೆಳಕನ್ನು ಒಳಬಿಡುವ ಪರದೆ, ಸೆಕೆಂಡಿನ ಸುಮಾರು ಮುನ್ನೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬುದು ರೂಢಿಯ ಲೆಕ್ಕ. ನವೆಂಬರಿನ ಮುಸ್ಸಂಜೆಯಲ್ಲಿ, ಬಣ್ಣ ಚೆನ್ನಾಗಿ ಬರಲೆಂದು ಬಳಸುತ್ತಿದ್ದ ನಿಧಾನವೇಗದ ಸ್ಲೈಡ್ ಫಿಲ್ಮಿಗೆ ಅದರ ಹತ್ತು ಪಟ್ಟು ಹೊತ್ತಿನ ಬೆಳಕೂ ಸಾಲುತ್ತಿರಲಿಲ್ಲ. ಆದ್ದರಿಂದ ಎಂಜಿನ್ ಆರಿಸಿ, ಕಿಟಕಿಯ ಅಂಚಿನ ಮೇಲೆ ರಾಗಿ ತುಂಬಿದ ಬಟ್ಟೆಯ ಚೀಲವನ್ನಿಟ್ಟು, ಅದರೊಳಕ್ಕೆ ಮಸೂರವನ್ನು ಒತ್ತಿ ಕೂರಿಸಿ, ಉಸಿರು ಬಿಟ್ಟ ಮೇಲೆ ಗುಂಡಿ ಒತ್ತುವ ಅಭ್ಯಾಸ ಬೆಳೆಯಿತು. ಕಾಳು ಮಸೂರದ ಸುತ್ತ ಸರಿದುಕೊಂಡು ಗಟ್ಟಿಯಾಗಿ ಹಿಡಿಯುವುದರಿಂದ ಮೂರು ಕಾಲಿನ ಸ್ಟ್ಯಾಂಡಿಗಿಂತ ಇದು ವಾಹನದೊಳಗೆ ಮೇಲು. ಬೆಳಕಿನ ಮಾಪಕದ್ದು ಬೇರೆ ತೊಡಕು. ತನ್ನೆದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದೆಂದು ಅದು ಭಾವಿಸುತ್ತದೆ. ಹಾಗಾಗಿ ಕಪ್ಪು ಆನೆ ಚೌಕಟ್ಟನ್ನು ತುಂಬಿದರೆ ಚಿತ್ರ ಬಿಳಿಚಿಕೊಳ್ಳುತ್ತದೆ, ಆನೆಯ ಹಿಂದೆ ಕೆರೆಯ ನೀರು ಹೊಳೆಯುತ್ತಿದ್ದರೆ ಆನೆ ಬರಿಯ ಕಪ್ಪು ಆಕೃತಿಯಾಗುತ್ತದೆ, ಎರಡಕ್ಕೂ ಎಷ್ಟು ಹೆಚ್ಚುಕಡಿಮೆ ಮಾಡಬೇಕೆಂದು ಛಾಯಾಗ್ರಾಹಕನೇ ತೀರ್ಮಾನಿಸಬೇಕು. ಫ್ಲ್ಯಾಶ್ ಬೆಳಕನ್ನು ಬಳಸಬಹುದಿತ್ತಾದರೂ, ಅಟ್ಟಣೆಯ ಮೇಲಿನವರ ಟಾರ್ಚಿಗೆ ಈಗಾಗಲೇ ಸಿಟ್ಟಾಗಿರುವ ಪ್ರಾಣಿಯ ಕಣ್ಣಿಗೆ ಇನ್ನೊಂದು ಮಿಂಚು ಹೊಡೆಯುವುದು ಸರಿಯಲ್ಲವೆಂದು ಆ ಗೆಳೆಯರ ಗುಂಪು ಮೊದಲಿನಿಂದಲೂ ಅದನ್ನು ದೂರವಿಟ್ಟಿತು.

ಈ ಕಷ್ಟಗಳಿಂದ ಹುಟ್ಟಿದ ಚಿತ್ರಗಳಲ್ಲಿ ಪ್ರಾಣಿ ಚಿಕ್ಕದು, ನೆಲ ದೊಡ್ಡದು. ಎಂ. ಕೃಷ್ಣನ್ (1912–1996) ಮತ್ತು ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಅವರು ಕಪ್ಪುಬಿಳುಪಿನಲ್ಲಿ ತೆಗೆದ ಆನೆಗಳ ಚಿತ್ರಗಳನ್ನು ನೋಡಿ ಬೆಳೆದ ಪೀಳಿಗೆಗೆ ಇದು ಕೊರತೆಯಾಗಿ ಕಾಣಬೇಕಾಗಿರಲಿಲ್ಲ. ಕಾಡಿನ ಬೆಳಕು, ಮರದ ಕಾಂಡ, ದೂಳು ಇವುಗಳ ನಡುವೆ ನಿಂತಾಗಲೇ ಆನೆ ಆನೆಯಾಗುತ್ತದೆ ಎಂಬ ಪಾಠ ಆ ಪರಂಪರೆಯಲ್ಲಿದೆ. ಡೆಂಕಣಿಕೋಟೆಯ ದಾರಿ ಆ ಪಾಠಕ್ಕೆ ಕೆರೆ ಏರಿ, ರಾಗಿ ಮೆದೆ, ಆನೆ ಕಂದಕ, ಸೌರವಿದ್ಯುತ್ತಿನ ಬೇಲಿ, ಅಟ್ಟಣೆಯ ಮೇಲಿನ ಒಂಟಿ ಬೆಳಕು ಇವನ್ನೂ ಸೇರಿಸಿತು. ಪತ್ರಿಕೆಗಳಿಗೆ ಕಳಿಸುವಾಗ ಇಂಥ ವಸ್ತುಗಳನ್ನು ಕತ್ತರಿಸಿ ತೆಗೆಯುವುದು ವಾಡಿಕೆಯಾಗಿತ್ತು. ಹಾಗೆ ಕತ್ತರಿಸದ ಚಿತ್ರಗಳೇ ಈಗ ಬೆಲೆಯುಳ್ಳವಾಗಿವೆ, ಏಕೆಂದರೆ ಆ ಕೆರೆಗಳಲ್ಲಿ ಕೆಲವು ಬತ್ತಿವೆ, ಕೆಲವು ಹೊಲಗಳ ಜಾಗದಲ್ಲಿ ಗುಲಾಬಿಯ ಪಾಲಿಹೌಸುಗಳು, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಬೆಳೆಮನೆಗಳು ಎದ್ದಿವೆ, ಹೊಸೂರಿನ ಕಡೆಯ ಬಯಲು ಬಡಾವಣೆಯಾಗಿದೆ.

ಆನೆಯೊಂದನ್ನೇ ಹೇಳುತ್ತ ಹೋದರೆ ದಾರಿಯ ಉಳಿದ ಜೀವಗಳಿಗೆ ಅನ್ಯಾಯವಾಗುತ್ತದೆ. ಅಂಚೆಟ್ಟಿಯ ಇಳಿಜಾರಿನಲ್ಲಿ ಜಿಂಕೆ, ಕಡವೆ, ಕಾಟಿ, ಸೀಳುನಾಯಿಗಳಿವೆ. ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಗಂಡಿನ ತಲೆಯ ಮೇಲೆ ಎರಡು ಜೊತೆ ಗಿಡ್ಡ ಕೊಂಬುಗಳಿರುವ ಕೊಂಡುಕುರಿ, ಜಗತ್ತಿನ ಬೇರಾವ ಕಾಡುಮೃಗದಲ್ಲೂ ಇರದ ಲಕ್ಷಣವನ್ನು ಹೊತ್ತು, ಒಣಹುಲ್ಲಿನ ನಡುವೆ ಕ್ಷಣಕಾಲ ಕಂಡು ಮಾಯವಾಗುತ್ತದೆ. ಕಾವೇರಿಯ ದಡದ ಹೊಳೆಮತ್ತಿಗಳಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೀಮಿತವಾದ ಬೂದುಬಣ್ಣದ ದೊಡ್ಡ ಅಳಿಲು ಒಂದು ಮರದ ನೆತ್ತಿಯಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುತ್ತದೆ. ಕೆಳಗೆ ನೀರಿನಲ್ಲಿ ಮೊಸಳೆ, ನೀರುನಾಯಿಗಳಿವೆ. ಇವುಗಳಲ್ಲಿ ಬಹುಪಾಲು ಪ್ರಾಣಿಗಳು ಲೇಖಕನಿಗೆ ಗುರುತುಗಳ ಮೂಲಕವೇ ಹೆಚ್ಚು ಪರಿಚಯವಾದವು. ರಸ್ತೆಯಂಚಿನ ಮೆತ್ತನೆ ಮಣ್ಣಿನಲ್ಲಿ ಮೂಡಿದ ಆನೆಯ ಮುಂಗಾಲಿನ ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಭುಜದವರೆಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ ಎಂಬ ಲೆಕ್ಕವನ್ನು ಪರೀಕ್ಷಿಸಿ ನೋಡಿದ ಬೆಳಗುಗಳ ಆನಂದ, ಒಳ್ಳೆಯ ಚಿತ್ರ ಸಿಕ್ಕ ಸಂಜೆಗಳ ಆನಂದಕ್ಕಿಂತ ಕಡಿಮೆಯದಾಗಿರಲಿಲ್ಲ.

ಈಚಿನ ಎರಡು ದಶಕಗಳಲ್ಲಿ ಈ ಕಾಡಿನ ಕಾನೂನಿನ ಸ್ಥಾನ ಗಟ್ಟಿಯಾಗಿದೆ. 2014ರಲ್ಲಿ ಸುಮಾರು 504 ಚದರ ಕಿಲೋಮೀಟರಿನ ಕಾವೇರಿ ಉತ್ತರ ವನ್ಯಧಾಮ, 2022ರ ನವೆಂಬರಿನಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಧಾಮ ಘೋಷಣೆಯಾಗಿ, ಕರ್ನಾಟಕದ ಕಾವೇರಿ ವನ್ಯಧಾಮಕ್ಕೆ ತಮಿಳುನಾಡಿನ ಬದಿಯಲ್ಲೂ ಬೆಂಬಲ ದೊರೆಯಿತು. ಆದರೆ ಆನೆಗಳು ಚಳಿಗಾಲದಲ್ಲಿ ಬಳಸುವ ಸಾನಮಾವಿನಂಥ ಚಿಕ್ಕ ಕಾಡುತುಂಡುಗಳು ಈ ಗಡಿಗಳ ಹೊರಗಿವೆ, ಮತ್ತು ಅಲ್ಲಿಗೆ ಹೋಗಿಬರುವ ಹಿಂಡುಗಳು ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯನ್ನೂ ಹೊಸೂರು–ರಾಯಕೋಟೆ ರಸ್ತೆಯನ್ನೂ ಎದುರಿಸಬೇಕು. 2023ರ ಮಾರ್ಚಿನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಅಕ್ರಮ ವಿದ್ಯುತ್ ಬೇಲಿಗೆ ಸಿಕ್ಕಿ ಮೂರು ಆನೆಗಳು ಸತ್ತು, ಎರಡು ಮರಿಗಳು ಅವುಗಳ ಪಕ್ಕದಲ್ಲೇ ಸುಳಿದಾಡುತ್ತ ಉಳಿದ ದೃಶ್ಯ ನಾಡಿನಾದ್ಯಂತ ಎಲ್ಲರ ಫೋನುಗಳಲ್ಲಿ ಹರಿದಾಡಿತು. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲಿದೆ. ಹಿಂಡು ರಸ್ತೆ ದಾಟುವ ಸುದ್ದಿ ತಿಳಿದೊಡನೆ ಎರಡೂ ಬದಿಯಲ್ಲಿ ಬೈಕುಗಳು ಸಾಲುಗಟ್ಟುತ್ತವೆ, ಕೂಗು ಏಳುತ್ತದೆ, ಅರಣ್ಯ ಸಿಬ್ಬಂದಿ ಆನೆಯನ್ನು ಕಾಯುವುದಕ್ಕಿಂತ ಜನರನ್ನು ತಡೆಯುವುದಕ್ಕೇ ಹೆಚ್ಚು ದಣಿಯುತ್ತಾರೆ. ಗಂಟೆಗಟ್ಟಲೆ ನಿಂತು ಹೋದ ಹಿಂಡು ಕತ್ತಲಾದ ಮೇಲೆ ಬೆದರಿಕೊಂಡೇ ದಾಟುತ್ತದೆ.

ಆದರೂ ಈ ಎಲ್ಲ ಫೋನುಗಳು ಬೇಡವೆಂದು ಲೇಖಕ ಹೇಳಲಾರ, ಏಕೆಂದರೆ ದೂರದಿಂದ, ಸರಿಯಾದ ಕೋನದಲ್ಲಿ ತೆಗೆದ ಚಿತ್ರಗಳಿಂದ ಒಂದೊಂದು ಆನೆಯನ್ನೂ ಬೇರೆಬೇರೆಯಾಗಿ ಗುರುತಿಸುವ ಕೆಲಸ ಸಾಧ್ಯವಾಗುತ್ತದೆ. ಕಿವಿಯಂಚಿನ ಹರಿದ ಭಾಗ, ಕಿವಿಯೊಳಗಿನ ತೂತು, ಕಿವಿಯ ಮೇಲಂಚು ಮಡಿಚಿಕೊಂಡಿರುವ ರೀತಿ, ಗಂಡಾದರೆ ದಂತಗಳ ಉದ್ದ ಮತ್ತು ಬಾಗು, ಬಾಲದ ತುದಿಯ ಕೂದಲು ಇವು ವರ್ಷಗಳು ಕಳೆದರೂ ಬಹುಮಟ್ಟಿಗೆ ಉಳಿಯುವ ಗುರುತುಗಳು. ಎಡ ಪಕ್ಕದ್ದೊಂದು, ಬಲ ಪಕ್ಕದ್ದೊಂದು, ಎದುರಿನದೊಂದು ಚಿತ್ರವಿದ್ದು, ದಿನಾಂಕ ಮತ್ತು ಊರಿನ ಹೆಸರನ್ನು ಜೊತೆಗೆ ಬರೆದಿಟ್ಟಿದ್ದರೆ, ಜವಳಗಿರಿಯಲ್ಲಿ ಕಂಡ ಸಲಗವೇ ಮುಂದೊಂದು ಚಳಿಗಾಲದಲ್ಲಿ ಸಾನಮಾವಿನಲ್ಲಿ ಕಂಡದ್ದೆಂದು ಖಚಿತವಾಗಿ ಹೇಳಬಹುದು. ಯಾವ ಆನೆ ಯಾವ ಕೆರೆಯಿಂದ ಯಾವ ಊರಿನ ಹೊಲಕ್ಕೆ ಇಳಿಯುತ್ತದೆ ಎಂದು ತಿಳಿದರೆ ಅಟ್ಟಣೆಯಲ್ಲಿ ಕೂರುವವರಿಗೆ ಹಿಂದಿನ ಸಂಜೆಯೇ ಎಚ್ಚರಿಕೆ ಕೊಡಬಹುದು. ಸ್ಲೈಡ್ ಫಿಲ್ಮಿನ ಕಾಲದ ತನ್ನ ಪೆಟ್ಟಿಗೆಗಳನ್ನು ಲೇಖಕ ಈಗ ಈ ದೃಷ್ಟಿಯಿಂದಲೇ ತೆರೆದು, ಚೆಲುವಿಗಾಗಿ ಹಿಂದೆ ಬದಿಗಿಟ್ಟಿದ್ದ ಪಕ್ಕನೋಟದ, ಅರೆಬೆಳಕಿನ ಚಿತ್ರಗಳನ್ನು ಊರು ಮತ್ತು ತಿಂಗಳುಗಳ ಪ್ರಕಾರ ಮತ್ತೆ ವಿಂಗಡಿಸುತ್ತಿದ್ದಾನೆ.